ತುಂಡಾದ ತುದಿ ನೋಡಿ ದೋಷ ಹಿಡಿಯುವುದು: ಚೊಣಕದ ಕಾಸ್ಟಿಂಗ್ ಸೆಟ್‌ಗೆ ಸರಿಯಾದ ಲೈನ್

ಅಂಗಡಿಯಲ್ಲಿ ‘ಬಾಸ್ ಕಾಸ್ಟಿಂಗ್ ಸೆಟ್’ ಎಂದು ಮಾರುವ ಆರೂವರೆ–ಏಳು ಅಡಿಯ ರಾಡ್ ಮತ್ತು ಅಂಗೈಯಲ್ಲಿ ಕೂರುವ ಬೇಟ್‌ಕಾಸ್ಟಿಂಗ್ ರೀಲ್ ಹುಟ್ಟಿದ್ದು ಅಮೆರಿಕದ ಸಿಹಿನೀರಿನ ಲಾರ್ಜ್‌ಮೌತ್ ಬಾಸ್‌ಗಾಗಿ. ನಮ್ಮ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳಲ್ಲಿ ಅದೇ ಸೆಟ್ಟಿಗೆ ಬೀಳುವುದು ಚೊಣಕ. ಇದನ್ನು ಏಷ್ಯನ್ ಸೀ ಬಾಸ್, ಬ್ಯಾರಾಮುಂಡಿ ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಬಾಸ್ ಇದ್ದರೂ ಎರಡೂ ಬೇರೆ ಬೇರೆ ಕುಟುಂಬದ ಮೀನುಗಳು. ಚೊಣಕದ ಬಾಯಿಯ ಒಳಗೆ ಮರಳು ಕಾಗದದಂಥ ಒರಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಅದು ಓಡಿ ಅಡಗುವ ಜಾಗದಲ್ಲಿ ಕಲ್ವಾ ಸಿಂಪಿ ಅಂಟಿದ ಕಲ್ಲು, ಸೇತುವೆಯ ಕಂಬ, ಕಾಂಡ್ಲಾ ಗಿಡದ ಬೇರು.

ರಾಡಿಗೂ ರೀಲಿಗೂ ಇದೇನೂ ಹೆಚ್ಚಿನ ಭಾರವಲ್ಲ. ಸೋಲುವುದು ಸೆಟ್ಟಿನ ಜೊತೆ ಬರುವ, 12–14 ಪೌಂಡ್ ಎಳೆತ ತಾಳುವ ಲೈನ್, ಅಂದರೆ ಗಾಳದ ದಾರ. ಲೈನ್ ತುಂಡಾದಾಗ ಹೆಚ್ಚಿನವರು ಅದಕ್ಕಿಂತ ಎರಡು ಪಟ್ಟು ದಪ್ಪದ್ದನ್ನು ಸುತ್ತಿಬಿಡುತ್ತಾರೆ. ಆಗ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ದೂರ ಹೋಗುವುದಿಲ್ಲ, ರೀಲ್ ಸಿಕ್ಕು ಹಾಕುತ್ತದೆ, ಬೈಗುಳ ರೀಲಿಗೆ ಬೀಳುತ್ತದೆ. ಕಾರಣ ತಿಳಿಯದೆ ಲೈನ್ ಬದಲಿಸಿದರೆ ಆಗುವುದು ಇಷ್ಟೇ, ಒಂದು ದೋಷ ಹೋಗಿ ಇನ್ನೊಂದು ಬರುತ್ತದೆ.

ಮೊದಲ ಕೆಲಸ: ತುದಿಯನ್ನು ಬಿಸಾಡಬೇಡಿ

ಲೈನ್ ತುಂಡಾದ ಕೂಡಲೇ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಸಾಡಿ ಹೊಸ ಗಂಟು ಹಾಕುವುದು ಎಲ್ಲರ ಅಭ್ಯಾಸ. ಅಲ್ಲಿಗೆ ಇದ್ದ ಒಂದೇ ಸಾಕ್ಷಿ ಹೋಯಿತು. ತುದಿಯಿಂದ ಒಂದು ಅಡಿ ಕತ್ತರಿಸಿ ಜೇಬಿಗೆ ಹಾಕಿಕೊಳ್ಳಿ. ರೀಲಿನಿಂದ ಬರುವುದು ಮೇನ್ ಲೈನ್, ಅದರ ತುದಿಗೆ ಲೂರಿನ ಮುಂದೆ ಸೇರಿಸುವ ದಪ್ಪ ತುಂಡು ಲೀಡರ್. ಎಲ್ಲಿ ತುಂಡಾಯಿತು ಎಂಬುದನ್ನೂ (ಲೂರ್ ಗಂಟಿನಲ್ಲೋ, ಲೀಡರ್ ನಡುವೆಯೋ, ಲೀಡರ್ ಸೇರಿದ ಗಂಟಿನಲ್ಲೋ, ಮೇನ್ ಲೈನಿನಲ್ಲೋ) ಯಾವಾಗ ತುಂಡಾಯಿತು ಎಂಬುದನ್ನೂ (ಎಸೆಯುವಾಗ, ಮೀನು ಕಚ್ಚಿ ಎಳೆದಾಗ, ಆಡಿಸುವಾಗ, ಕಲ್ಲಿಗೆ ಸಿಕ್ಕಿದ್ದನ್ನು ಬಿಡಿಸುವಾಗ) ನೆನಪಿಡಿ. ಮನೆಗೆ ಬಂದು ಬಿಳಿ ಕಾಗದದ ಮೇಲಿಟ್ಟು ಬೆಳಕಿನಲ್ಲಿ ನೋಡಿದರೆ ಮುಕ್ಕಾಲು ದೋಷ ಅಲ್ಲೇ ಸಿಗುತ್ತದೆ.

ಲೀಡರ್ ಅಥವಾ ನೈಲಾನ್ ತುದಿ ಹೇಳುವುದು

ಹಾಗಲಬಳ್ಳಿಯ ಕುಡಿಯಂತೆ ತುದಿ ಸುರುಳಿ ಸುತ್ತಿಕೊಂಡಿದ್ದರೆ ಲೈನ್ ತುಂಡಾಗಿಯೇ ಇಲ್ಲ, ಗಂಟು ಜಾರಿದೆ. ಗಂಟಿನೊಳಗಿನ ಸುತ್ತುಗಳು ಬಿಚ್ಚುತ್ತಾ ಹೋದ ಗುರುತು ಅದು. ಇದಕ್ಕೆ ದಪ್ಪ ಲೈನ್ ಮದ್ದಲ್ಲ. ಲೈನ್ ದಪ್ಪಗಾದಷ್ಟೂ ಗಂಟು ಸರಿಯಾಗಿ ಕೂರುವುದು ಕಷ್ಟವಾಗಿ ಇನ್ನೂ ಬೇಗ ಜಾರುತ್ತದೆ. 40 ಪೌಂಡಿನ ಲೀಡರಿಗೆ ಏಳು ಸುತ್ತಿನ ಕ್ಲಿಂಚ್ ಗಂಟು ಹಾಕಿದರೆ ಸುತ್ತುಗಳು ಒಂದರ ಪಕ್ಕ ಒಂದು ಕೂರುವುದೇ ಇಲ್ಲ. ಅಂಥ ದಪ್ಪಕ್ಕೆ ನಾಲ್ಕು ಸುತ್ತಿನ ಯೂನಿ ಗಂಟು ಹಾಕಿ, ಇಕ್ಕಳದಲ್ಲಿ ಬಾಲ ಹಿಡಿದು ಬಿಗಿದು, 3 ಮಿ.ಮೀ. ಬಾಲ ಉಳಿಸಿ ಕತ್ತರಿಸಿ.

ತುದಿ ನೇರವಾಗಿದ್ದು, ಕೊನೆಯ ಒಂದೆರಡು ಮಿಲಿಮೀಟರ್ ಬೆಳ್ಳಗಾಗಿ ಸಣ್ಣಗೆ ಡೊಂಕಾಗಿದ್ದರೆ ಅದು ಗಂಟಿನ ಮೊದಲ ಸುತ್ತಿನಲ್ಲೇ ಸುಟ್ಟಿದೆ. ಒಣಗಂಟನ್ನು ಜೋರಾಗಿ ಬಿಗಿದಾಗ ಉಜ್ಜಿದ ಶಾಖಕ್ಕೆ ಹೀಗಾಗುತ್ತದೆ. ಫ್ಲೋರೋಕಾರ್ಬನ್‌ನಲ್ಲಿ (ನೈಲಾನಿನಂತೆ ಒಂದೇ ಎಳೆಯ, ಇನ್ನೂ ಗಡುಸಾದ ಲೈನ್) ಇದು ಹೆಚ್ಚು. ಎಂಜಲಿನಲ್ಲಿ ಒದ್ದೆ ಮಾಡಿ ನಿಧಾನಕ್ಕೆ ಎಳೆಯಿರಿ. ಬಿಗಿದ ಮೇಲೆ ಗಂಟಿನ ಮೇಲ್ಭಾಗದ ಅರ್ಧ ಇಂಚು ಮಂಕಾಗಿ ಕಂಡರೆ ಅಥವಾ ಉಗುರಿಗೆ ತರಿತರಿಯಾಗಿ ಸಿಕ್ಕರೆ ಬಿಚ್ಚಿ ಮತ್ತೆ ಹಾಕಬೇಕು.

ಬ್ಲೇಡಿನಲ್ಲಿ ಕೊಯ್ದಂತೆ ಓರೆಯಾಗಿ ಚೊಕ್ಕವಾಗಿ ತುಂಡಾಗಿದ್ದು, ಮೇಲಿನ ಭಾಗ ನುಣುಪಾಗಿದ್ದರೆ ಕಲ್ವಾ ಸಿಂಪಿ ಇಲ್ಲವೇ ಕಿವಿರಿನ ಮುಚ್ಚಳ ಕೊಯ್ದಿದೆ. ಎರಡನ್ನೂ ಬೇರ್ಪಡಿಸಲು ಅಳತೆ ನೋಡಿ. ಲೂರಿನಿಂದ ಒಂದು ಗೇಣಿನೊಳಗೆ ತುಂಡಾಗಿದ್ದರೆ ಸಾಮಾನ್ಯವಾಗಿ ಕಿವಿರು. ಮೀನು ನೀರಿನಿಂದ ಹಾರಿ ತಲೆ ಕೊಡವಿದ ಕ್ಷಣದಲ್ಲೇ ಹೋಗಿದ್ದರೆ ಅನುಮಾನವೇ ಬೇಡ. ಅದಕ್ಕಿಂತ ಮೇಲೆ ತುಂಡಾಗಿದ್ದರೆ ಕಲ್ಲು. ಕಿವಿರಿನ ದೋಷಕ್ಕೆ ಲೀಡರಿನ ದಪ್ಪ ಹೆಚ್ಚಿಸಬೇಕು, ಕಲ್ಲಿನ ದೋಷಕ್ಕೆ ಉದ್ದ ಹೆಚ್ಚಿಸಬೇಕು. ಈ ಎರಡು ಮದ್ದನ್ನು ಅದಲುಬದಲು ಮಾಡುವವರೇ ಹೆಚ್ಚು.

ತುಂಡಾದ ಜಾಗದಿಂದ ಮೇಲೆ 15–30 ಸೆಂ.ಮೀ. ಉದ್ದಕ್ಕೂ ಲೀಡರ್ ಹಾಲಿನಂತೆ ಬೆಳ್ಳಗಾಗಿ ಒರಟಾಗಿದ್ದರೆ ಅದು ಮೀನಿನ ಬಾಯಿ ಉಜ್ಜಿದ್ದು. ಒಂದು ಮೀನಿನಲ್ಲಿ ಹೀಗಾಗುವುದು ಅಪರೂಪ. ಹಿಂದಿನ ಮೀನು ಬಿದ್ದ ಮೇಲೆ ಲೀಡರ್ ಪರೀಕ್ಷಿಸದೆ ಮತ್ತೆ ಎಸೆದಿದ್ದೀರಿ ಎಂದೇ ಅರ್ಥ. ಪ್ರತಿ ಮೀನಿನ ನಂತರವೂ ಲೂರಿನ ಮೇಲಿನ ಒಂದು ಮೊಳವನ್ನು ಎರಡು ಉಗುರಿನ ನಡುವೆ ಎಳೆದು ನೋಡಿ, ಒರಟಿದ್ದರೆ ಅಷ್ಟನ್ನೂ ಕತ್ತರಿಸಿ.

ತುದಿ ಎಳೆದು ಸಣ್ಣಗಾಗಿ ಬಿಳಿಚಿಕೊಂಡಿದ್ದರೆ ಅದು ಬರಿಯ ಎಳೆತಕ್ಕೆ ಹೋಗಿದೆ. ಆಗ ಲೈನನ್ನು ಬಿಟ್ಟು ಡ್ರ್ಯಾಗ್ (ಮೀನು ಜಗ್ಗಿದಾಗ ಲೈನ್ ಬಿಟ್ಟುಕೊಡುವ ರೀಲಿನ ಬಿಗಿ) ನೋಡಿ.

ಬ್ರೇಡ್ ತುದಿ ಹೇಳುವುದು

ಬ್ರೇಡ್ ಎಂಬ ಹೆಣೆದ ಲೈನಿನ ಎಳೆಗಳು ಬೇರೆ ಬೇರೆ ಉದ್ದಕ್ಕೆ ಕಿತ್ತು ಕುಂಚದಂತೆ ಕೆದರಿದ್ದರೆ ಶಕ್ತಿ ಮೀರಿದ ಎಳೆತ. ಎಲ್ಲ ಎಳೆಯೂ ಒಂದೇ ಮಟ್ಟಕ್ಕೆ ತುಂಡಾಗಿದ್ದರೆ ಹರಿತವಾದದ್ದೇನೋ ತಾಗಿದೆ. ಬ್ರೇಡ್ ಎಳೆತಕ್ಕೆ ಎಷ್ಟು ಗಟ್ಟಿಯೋ ಕೊಯ್ತಕ್ಕೆ ಅಷ್ಟೇ ಬಡವ. ಬಿಗಿಯಾಗಿ ಎಳೆದಿರುವಾಗ ಸಿಂಪಿಯ ಅಂಚು ಸುಮ್ಮನೆ ತಾಗಿದರೂ ಸಾಕು. ತುದಿ ಗಟ್ಟಿಯಾಗಿ, ಪ್ಲಾಸ್ಟಿಕ್ ಕರಗಿದಂತೆ ಗುಂಡಗಾಗಿದ್ದರೆ ಶಾಖಕ್ಕೆ ಹೋಗಿದೆ. ಬ್ರೇಡ್ ಮಾಡುವ ಪಾಲಿಎಥಿಲಿನ್ ನಾರು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಲೈನಿನ ಮೇಲೆ ಲೈನ್ ಜಾರಿ ಉಜ್ಜಿದರೆ ಅಷ್ಟು ಶಾಖ ಸುಲಭವಾಗಿ ಹುಟ್ಟುತ್ತದೆ.

ತುದಿಯಲ್ಲಷ್ಟೇ ಅಲ್ಲದೆ ಎಂಟು–ಹತ್ತು ಮೀಟರ್ ಉದ್ದಕ್ಕೂ ನವಿರಾದ ರೋಮ ಎದ್ದಿದ್ದರೆ ಲೈನ್ ಹಾದುಹೋಗುವ ರಾಡಿನ ಗೈಡ್ ರಿಂಗನ್ನು ಶಂಕಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಂದೊಂದೇ ರಿಂಗಿನೊಳಗೆ ಸುತ್ತ ತಿರುಗಿಸಿ. ಕಣ್ಣಿಗೆ ಕಾಣದ ಸೀಳು ಹತ್ತಿಯ ಎಳೆಯನ್ನು ಹಿಡಿದು ನಿಲ್ಲಿಸುತ್ತದೆ. ತುದಿಯ ರಿಂಗ್ ಮತ್ತು ರೀಲಿನಲ್ಲಿ ಲೈನನ್ನು ಸಮನಾಗಿ ಸುತ್ತಿಸುವ ಲೆವೆಲ್‌ವೈಂಡ್ ಕಣ್ಣು, ಇವೆರಡನ್ನೂ ಬಿಡಬೇಡಿ. ಬಸ್ಸಿನ ಮೇಲೆ ಹಾಕಿ ತಂದ ರಾಡಾದರೆ ಮೊದಲು ಇಲ್ಲೇ ನೋಡಿ.

ಬ್ರೇಡಿನ ಬಣ್ಣ ಹೋಗಿದ್ದಕ್ಕೆ ಮಾತ್ರ ಗಾಬರಿ ಬೇಡ. ನಾರು ಬಣ್ಣ ಹೀರುವುದಿಲ್ಲ, ಮೇಲೆ ಹಚ್ಚಿದ್ದು ತೊಳೆದು ಹೋಗುತ್ತದೆ ಅಷ್ಟೆ.

ಎಸೆಯುವಾಗಲೇ ‘ಟಪ್’ ಎಂದು ಹೋದರೆ

ಲೂರ್ ಒಂದೇ ಆಕಾಶಕ್ಕೆ ಹೋಗಿ ಲೈನ್ ಸಡಿಲವಾಗಿ ನೀರಿಗೆ ಬೀಳುವ ಈ ದೋಷಕ್ಕೆ ಕಾಸ್ಟಿಂಗ್ ರೀಲಿನಲ್ಲಿ ಮುಖ್ಯವಾಗಿ ಮೂರು ಕಾರಣ.

ಹೆಚ್ಚು ಸಲ ಆಗುವುದು ಬ್ರೇಡ್ ಸ್ಪೂಲಿನಲ್ಲಿ (ರೀಲಿನ ಲೈನ್ ಸುತ್ತುವ ಉರುಳೆಯಲ್ಲಿ) ಹೂತು ಹೋಗುವುದು. ಹಿಂದಿನ ಎಸೆತದಲ್ಲಿ ಲೂರ್ ಬೇರಿಗೆ ಸಿಕ್ಕಿ ಜೋರಾಗಿ ಎಳೆದಿರುತ್ತೀರಿ. ಕೆಳಗಿನ ಸುತ್ತುಗಳು ಸಡಿಲವಾಗಿದ್ದರೆ ಮೇಲಿನ ಸುತ್ತು ಬೆಣ್ಣೆಯಲ್ಲಿ ದಾರ ಇಳಿದಂತೆ ಅವುಗಳ ನಡುವೆ ಇಳಿದು ಕೂರುತ್ತದೆ. ಮುಂದಿನ ಎಸೆತದಲ್ಲಿ ಸ್ಪೂಲ್ ಪೂರ್ಣ ವೇಗದಲ್ಲಿ ತಿರುಗುವಾಗ ಆ ಸುತ್ತು ಬಿಡುವುದಿಲ್ಲ, ಲೂರಿನ ಪೂರ್ತಿ ವೇಗ ಗಂಟಿನ ಮೇಲೆ ಬೀಳುತ್ತದೆ. ಲೈನ್ ಸಪುರವಾದಷ್ಟೂ ಹೂಳುವುದು ಹೆಚ್ಚು. ಬೇಟ್‌ಕಾಸ್ಟಿಂಗ್ ರೀಲಿಗೆ ಪಿಇ (ಬ್ರೇಡಿನ ದಪ್ಪದ ಸಂಖ್ಯೆ) 1.5ಕ್ಕಿಂತ ಸಪುರ ಬ್ರೇಡ್ ಬೇಡ ಎನ್ನುವುದು ಇದೇ ಕಾರಣಕ್ಕೆ. ಅದು ಸ್ಪಿನ್ನಿಂಗ್ ರೀಲಿನ ಲೈನ್.

ಮದ್ದು ಸುಲಭ. ದೇವಬಾಗದಂಥ ಉದ್ದದ ಮರಳ ದಂಡೆಯಲ್ಲಿ, ಇಲ್ಲವೇ ಮನೆ ಮುಂದಿನ ಖಾಲಿ ರಸ್ತೆಯಲ್ಲಿ ಲೈನಿನ ತುದಿಯನ್ನು ಒಂದು ಕಂಬಕ್ಕೆ ಕಟ್ಟಿ. ನಿಮ್ಮ ಅತಿ ದೂರದ ಎಸೆತಕ್ಕಿಂತ 20 ಮೀಟರ್ ಹೆಚ್ಚು ಬಿಟ್ಟುಕೊಂಡು ಹಿಂದೆ ನಡೆಯಿರಿ. ರಾಡನ್ನು ಕಂಬದತ್ತ ಚಾಚಿ, ಒದ್ದೆ ಬಟ್ಟೆಯಲ್ಲಿ ಲೈನ್ ಹಿಡಿದು, ಸುಮಾರು ಒಂದು ಕೆಜಿಯ ಬಿಗಿಯಲ್ಲಿ ಸುತ್ತುತ್ತಾ ಕಂಬದ ಕಡೆ ಬನ್ನಿ. ಹೆಬ್ಬೆರಳಿನಿಂದ ಸ್ಪೂಲ್ ಒತ್ತಿದರೆ ಮೆತ್ತಗೆ ತಗ್ಗಬಾರದು, ಮರದ ಕೊರಡಿನಂತೆ ಗಟ್ಟಿ ಇರಬೇಕು. ಬೇರಿಗೆ ಸಿಕ್ಕಿ ಜಗ್ಗಿದ ಪ್ರತಿ ಸಲವೂ ಮುಂದಿನ ಎಸೆತಕ್ಕೆ ಮೊದಲು ನಾಲ್ಕೈದು ಮೀಟರ್ ಕೈಯಲ್ಲಿ ಎಳೆದು ನೋಡಿ, ಹೂತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎರಡನೇ ಕಾರಣ ಲೀಡರ್ ಗಂಟು ಗೈಡಿಗೆ ಬಡಿಯುವುದು. ಎಸೆಯುವಾಗ ‘ಟಿಕ್’ ಸದ್ದು ಕೇಳಿದರೆ ಅದೇ. ಡಬಲ್ ಯೂನಿ ಗಂಟು ಗಟ್ಟಿ, ಆದರೆ ಉಬ್ಬು. ಅದನ್ನು ಹಾಕುವವರು ಲೀಡರನ್ನು ಎರಡು ಅಡಿಗಿಂತ ಉದ್ದ ಮಾಡದೆ, ಎಸೆಯುವಾಗ ಗಂಟು ತುದಿ ರಿಂಗಿನ ಹೊರಗೇ ಇರುವಂತೆ ನೋಡಿಕೊಳ್ಳಬೇಕು. ಒಂದೂವರೆ ಮೀಟರ್ ಲೀಡರ್ ಬೇಕೆಂದರೆ ಎಫ್‌ಜಿ ಗಂಟು ಕಲಿಯದೆ ದಾರಿಯಿಲ್ಲ. ಅದರಲ್ಲಿ ಲೀಡರ್ ಮಡಚುವುದೇ ಇಲ್ಲ, ಬ್ರೇಡ್ ಮಾತ್ರ ಅದರ ಮೇಲೆ ಒಮ್ಮೆ ಆಚೆ ಒಮ್ಮೆ ಈಚೆ ಸುತ್ತಿ ಹಾವಿನ ಪೊರೆಯಂತೆ ಹಿಡಿಯುತ್ತದೆ. 20ರಿಂದ 24 ಸುತ್ತು ಹಾಕಿ, ಎರಡು ಅರೆಗಂಟು ಹಾಕಿ, ನಂತರ ಒದ್ದೆ ಮಾಡಿ ಬಲವಾಗಿ ಎಳೆಯಿರಿ. ಬ್ರೇಡಿನ ಬಣ್ಣ ಗಾಢವಾಗಿ ಲೀಡರಿನೊಳಗೆ ಕಚ್ಚಿಕೊಂಡಂತೆ ಕಂಡರೆ ಸರಿಯಾಗಿದೆ. ಆಮೇಲೆ ಇನ್ನೂ ನಾಲ್ಕಾರು ಅರೆಗಂಟು. ಎಳೆದಾಗ ಲೀಡರ್ ಸರ್ರನೆ ಜಾರಿ ಹೊರಬಂದರೆ ಸುತ್ತುವಾಗ ಬಿಗಿ ಸಾಲಲಿಲ್ಲ. ಸುತ್ತಿನ ಸಂಖ್ಯೆ ಹೆಚ್ಚಿಸಿದರೆ ಅದು ಸರಿಯಾಗುವುದಿಲ್ಲ.

ಮೂರನೆಯದು ಹಳೆಯ ಸಿಕ್ಕಿನ ಗಾಯ. ನೈಲಾನ್ ಮತ್ತು ಫ್ಲೋರೋಕಾರ್ಬನ್ ಲೈನಿನಲ್ಲಿ ಸಿಕ್ಕು ಬಿಡಿಸುವಾಗ ಎಲ್ಲೋ ಒಂದು ಕಡೆ ‘ವಿ’ ಆಕಾರದ ಮಡಿಕೆ ಬಿದ್ದಿರುತ್ತದೆ. ಮುಂದೆ ತುಂಡಾಗುವುದು ಅಲ್ಲೇ. ಮಡಿಕೆ ಕಂಡರೆ ಅಲ್ಲಿಯವರೆಗೆ ಕತ್ತರಿಸಿ ಹಾಕಬೇಕು, ಬೇರೆ ದಾರಿಯಿಲ್ಲ.

ಸಿಕ್ಕು ಬೀಳುವುದು: ಲೈನಿನ ದೋಷವೋ, ಕೈಯ ದೋಷವೋ

ಎಸೆತದ ಯಾವ ಹಂತದಲ್ಲಿ ಸಿಕ್ಕು ಬಿತ್ತು ಎನ್ನುವುದನ್ನು ಗಮನಿಸಿ. ಲೂರ್ ನೀರಿಗೆ ಬಿದ್ದ ಮೇಲೆ ಬಿದ್ದ ಸಿಕ್ಕು ಹೆಬ್ಬೆರಳಿನದ್ದು, ಸ್ಪೂಲ್ ನಿಲ್ಲಿಸಲಿಲ್ಲ. ಎಸೆತದ ಆರಂಭದಲ್ಲೇ ಬಿದ್ದರೆ ಬ್ರೇಕ್ ಕಡಿಮೆ ಅಥವಾ ಲೂರ್ ತೀರಾ ಹಗುರ. ನಡುವೆ ಬಿದ್ದರೆ ಗಾಳಿ. ಕಾರವಾರದ ಕಡಲ ತೀರದಲ್ಲಿ ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದಾಗ ಬೆಳಗಿನ ಬ್ರೇಕ್ ಹೊಂದಿಕೆ ನಡೆಯುವುದಿಲ್ಲ, ಎರಡು ಅಂಕ ಏರಿಸಬೇಕು. ಸ್ಪೂಲ್ ಟೆನ್ಶನ್ ತಿರುಪನ್ನು ಲೂರ್ ಬದಲಿಸಿದಾಗಲೆಲ್ಲ ಹೊಂದಿಸಬೇಕು. ಹೆಬ್ಬೆರಳು ತೆಗೆದಾಗ ಲೂರ್ ನಿಧಾನಕ್ಕೆ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವಷ್ಟು.

ಇಷ್ಟೆಲ್ಲ ಸರಿಯಿದ್ದೂ ಸಿಕ್ಕು ಬೀಳುತ್ತಿದ್ದರೆ ಆಗ ಲೈನ್. ಸ್ಪೂಲ್ ಬಿಚ್ಚಿ ಹಿಡಿದು ನೋಡಿ. ಲೈನ್ ಅಂಚಿಗೆ ಸಮನಾಗಿ ತುಂಬಿದ್ದರೆ 10–15 ಮೀಟರ್ ತೆಗೆದುಬಿಡಿ, ಅಂಚಿನಿಂದ 2 ಮಿ.ಮೀ. ಕೆಳಗಿರಬೇಕು. ತುಂಬಿದ ಸ್ಪೂಲ್ ಭಾರ, ಶುರುವಾಗಲು ತಡ, ನಿಲ್ಲಲೂ ತಡ. ಹೆಬ್ಬೆರಳು ಸಡಿಲಿಸಿದಾಗ ಸುತ್ತುಗಳು ಸ್ಪ್ರಿಂಗಿನಂತೆ ತಾವೇ ಎದ್ದು ಬಂದರೆ ಲೈನಿಗೆ ಸುರುಳಿಯ ನೆನಪು ಕೂತಿದೆ. ದಪ್ಪ ಫ್ಲೋರೋಕಾರ್ಬನ್ನಿನ ಗುಣವೇ ಅದು, ಸಣ್ಣ ಸ್ಪೂಲಿನ ರೀಲಿಗೆ 16 ಪೌಂಡಿಗಿಂತ ದಪ್ಪದ್ದನ್ನು ಮೇನ್ ಲೈನಾಗಿ ಸುತ್ತಿದರೆ ದಿನವೂ ಜಗಳ. ಹಳೆಯ ನೈಲಾನ್ ಆದರೆ ಉಗುರು ಬೆಚ್ಚಗಿನ ನೀರಿನಲ್ಲಿ ಸ್ಪೂಲನ್ನು ಕಾಲು ಗಂಟೆ ಇಟ್ಟು, ಲೈನ್ ಬಿಡಿಸಿ ನಿಧಾನಕ್ಕೆ ಎಳೆದು ಹಿಡಿದರೆ ಒಂದು ದಿನದ ಮಟ್ಟಿಗೆ ನೆಟ್ಟಗಾಗುತ್ತದೆ. ಆ ಮೇಲೆ ಬದಲಿಸುವುದೇ ವಾಸಿ.

ಇದಕ್ಕೆ ವಿರುದ್ಧ ದೋಷ ದೂರ ಹೋಗದಿರುವುದು. ಸ್ಪೂಲಿನಲ್ಲಿ ಲೈನ್ ಕಡಿಮೆಯಾಗಿ ಅಂಚಿನಿಂದ 4–5 ಮಿ.ಮೀ. ಕೆಳಗೆ ಇಳಿದಿದ್ದರೆ ಪ್ರತಿ ಸುತ್ತಿಗೆ ಬಿಚ್ಚುವ ಉದ್ದ ಕಡಿಮೆ, ಎಸೆತ ಮೊಟಕು. ಇಲ್ಲವಾದರೆ ಲೂರಿನ ತೂಕಕ್ಕೆ ಲೈನ್ ದಪ್ಪವಾಯಿತು.

ಡ್ರ್ಯಾಗ್ ಪೂರ್ತಿ ಬಿಗಿದರೂ ಲೈನ್ ಜಾರುತ್ತಿದೆ

ಡ್ರ್ಯಾಗ್ ವಾಷರ್ ಹೋಗಿದೆ ಎಂದು ರೀಲನ್ನು ಮೆಕ್ಯಾನಿಕ್ ಕೈಗೆ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮಾರ್ಕರ್ ಪೆನ್ನಿನಲ್ಲಿ ಸ್ಪೂಲಿನ ಅಂಚಿನಿಂದ ಲೈನಿನ ಮೇಲೆ ಹಾದುಹೋಗುವಂತೆ ಒಂದು ನೇರ ಗೆರೆ ಎಳೆಯಿರಿ. ಈಗ ಲೈನ್ ಜಗ್ಗಿ. ಅಂಚಿನ ಗುರುತು ನಿಂತಲ್ಲೇ ನಿಂತು ಲೈನಿನ ಗುರುತು ಮಾತ್ರ ಸರಿದರೆ ಡ್ರ್ಯಾಗ್ ಗಟ್ಟಿಯಾಗಿದೆ, ಬ್ರೇಡಿನ ಇಡೀ ಮುದ್ದೆಯೇ ಸ್ಪೂಲಿನ ಮೇಲೆ ಜಾರುತ್ತಿದೆ. ಬ್ರೇಡ್ ನುಣುಪು, ಲೋಹದ ಮೇಲೆ ಹಿಡಿತ ಸಿಗುವುದಿಲ್ಲ. ಪೂರ್ತಿ ಬಿಚ್ಚಿ, ಮೊದಲು 12 ಪೌಂಡಿನ ನೈಲಾನ್ ಐದಾರು ಮೀಟರ್ ಸುತ್ತಿ, ಅದಕ್ಕೆ ಬ್ರೇಡ್ ಸೇರಿಸಿ. ಎರಡು ಗುರುತೂ ಒಟ್ಟಿಗೆ ತಿರುಗಿದರೆ ಮಾತ್ರ ಮೆಕ್ಯಾನಿಕ್ ಬಳಿ ಹೋಗಿ.

ಡ್ರ್ಯಾಗ್ ಬಿಗಿಯನ್ನು ಕೈ ಅಂದಾಜಿನಲ್ಲಿ ಹೊಂದಿಸಿದರೆ ಎಲ್ಲರಿಗೂ ಹೆಚ್ಚೇ ಆಗುತ್ತದೆ. ಸಾಮಾನು ತೂಗುವ ಕೊಕ್ಕೆಯ ತಕ್ಕಡಿಗೆ ಲೈನ್ ಕಟ್ಟಿ, ರಾಡನ್ನು ಅರ್ಧ ಬಾಗಿಸಿ ಎಳೆಸಿ. ಸೆಟ್ಟಿನ ಅತಿ ದುರ್ಬಲ ಭಾಗದ ಶಕ್ತಿಯ ಕಾಲು ಭಾಗಕ್ಕೆ ಲೈನ್ ಬಿಡಬೇಕು. 30 ಪೌಂಡ್ ಎಂದರೆ 13.6 ಕೆಜಿ, ಅದರ ಕಾಲು ಭಾಗ ಸುಮಾರು 3.4 ಕೆಜಿ. ಬ್ರೇಡ್ ಹಾಕಿದವರು ಇನ್ನೂ ಸ್ವಲ್ಪ ಕಡಿಮೆ ಇಟ್ಟರೆ ಒಳ್ಳೆಯದು. ನೈಲಾನ್ ಕಾಲು ಭಾಗದವರೆಗೂ ಹಿಗ್ಗಿ ಮೀನಿನ ಜಗ್ಗುವಿಕೆಯನ್ನು ತಾನೇ ನುಂಗುತ್ತದೆ, ಬ್ರೇಡ್ ನೂರಕ್ಕೆ ಮೂರೋ ನಾಲ್ಕೋ ಪಾಲು ಹಿಗ್ಗಿದರೆ ಹೆಚ್ಚು. ಕಚ್ಚಿದ ಕೂಡಲೇ ಜೋರಾಗಿ ಎಳೆದಾಗ ಗಂಟು ಹೋಗುತ್ತಿದೆ ಎನ್ನುವ ದೂರಿಗೆ ಮೂಲ ಸಾಮಾನ್ಯವಾಗಿ ಇದೇ.

ಹೊಸ ಲೈನ್ ಆಯ್ಕೆ: ಪೌಂಡ್ ಬಿಟ್ಟು ದಪ್ಪ ನೋಡಿ

ಡಬ್ಬದ ಮೇಲಿನ ಪೌಂಡ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಪಿಇ ಸಂಖ್ಯೆಗೆ ಮಾತ್ರ ಒಂದು ಲೆಕ್ಕವಿದೆ. ಪಿಇ 1 ಎಂದರೆ 0.165 ಮಿ.ಮೀ., ಪಿಇ 1.5 ಸುಮಾರು 0.20, ಪಿಇ 2 ಎಂದರೆ 0.235, ಪಿಇ 3 ಎಂದರೆ 0.285, ಪಿಇ 4 ಎಂದರೆ 0.33 ಮಿ.ಮೀ. ಸಂಖ್ಯೆ ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟಾಗುತ್ತದೆ. ಅಗ್ಗದ ಲೈನಿನಲ್ಲಿ ಪಿಇ 2 ಎಂದು ಬರೆದು 3ರ ದಪ್ಪ ಕೊಡುವುದುಂಟು. ಅನುಮಾನವಿದ್ದರೆ ಪೆನ್ಸಿಲಿನ ಮೇಲೆ ಒತ್ತೊತ್ತಾಗಿ 20 ಸುತ್ತು ಸುತ್ತಿ ಅಗಲ ಅಳೆಯಿರಿ. ಪಿಇ 2 ಆದರೆ ಸುಮಾರು 5 ಮಿ.ಮೀ. ಒಳಗೆ, 3 ಆದರೆ 6ರ ಹತ್ತಿರ ಬರುತ್ತದೆ. ಬ್ರೇಡ್ ಚಪ್ಪಟೆಯಾಗುವುದರಿಂದ ಇದು ಅಂದಾಜು, ನೈಲಾನಿಗೆ ಲೆಕ್ಕ ಹೆಚ್ಚು ನಿಖರ.

ಸ್ಪೂಲಿಗೆ ಎಷ್ಟು ಹಿಡಿಯುತ್ತದೆ ಎನ್ನುವುದೂ ದಪ್ಪದ ವರ್ಗದ ಮೇಲೆ ನಿಂತಿದೆ. ರೀಲಿನ ಮೇಲೆ 0.30 ಮಿ.ಮೀ. 120 ಮೀಟರ್ ಎಂದಿದ್ದರೆ, 0.30ನ್ನು 0.235ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 120ರಿಂದ ಗುಣಿಸಿ. ಪಿಇ 2 ಸುಮಾರು 195 ಮೀಟರ್ ಹಿಡಿಯುತ್ತದೆ. 150 ಮೀಟರಿನ ಡಬ್ಬ ತಂದರೆ ಉಳಿದ ಜಾಗಕ್ಕೆ ಅಡಿಯಲ್ಲಿ ನೈಲಾನ್ ತುಂಬಬೇಕು ಎಂದು ಅಂಗಡಿಯಲ್ಲೇ ಗೊತ್ತಾಗುತ್ತದೆ.

ಯಾವ ಲೈನ್ ಎಂಬುದನ್ನು ತೀರ್ಮಾನಿಸುವುದು ಮೀನಿನ ತೂಕ ಅಲ್ಲ, ಲೈನ್ ಯಾವುದಕ್ಕೆ ಉಜ್ಜುತ್ತದೆ ಎಂಬುದು. ದೇವಬಾಗ, ಮಾಜಾಳಿಯಂಥ ಮರಳ ತೀರದಲ್ಲಿ ಉಜ್ಜಲು ಏನೂ ಇಲ್ಲ. 15–28 ಗ್ರಾಂ ಲೂರಿಗೆ ಪಿಇ 1.5 ಅಥವಾ 2, ಲೀಡರ್ 30 ಪೌಂಡಿನದು ಒಂದು ಮೀಟರ್ ಸಾಕು. ದೂರವೇ ಇಲ್ಲಿ ಮುಖ್ಯ.

ಸದಾಶಿವಗಡದ ಕಡೆ ಕಾಳಿ ಸೇತುವೆಯ ಕಂಬಗಳ ಹತ್ತಿರ, ಬಂದರಿನ ಕಲ್ಲಿನ ಗೋಡೆಗಳ ಬಳಿ, ಗೋಕರ್ಣದ ಬಂಡೆ ದಂಡೆಗಳಲ್ಲಿ ಕಲ್ವಾ ಇರುವ ಮಟ್ಟಕ್ಕೆ ಲೈನ್ ಇಳಿದೇ ಇಳಿಯುತ್ತದೆ. ಪಿಇ 3, ಲೀಡರ್ 50 ಪೌಂಡಿನದು ಒಂದೂವರೆ ಮೀಟರ್. ಇಳಿತದಲ್ಲಿ ಒಮ್ಮೆ ಹೋಗಿ ನೀರು ಕಡಿಮೆ ಇದ್ದಾಗ ಕಲ್ವಾ ಎಷ್ಟು ಮೇಲಿನವರೆಗೆ ಅಂಟಿದೆ ಎಂದು ನೋಡಿ ಬಂದರೆ ಲೀಡರಿನ ಉದ್ದ ಅಂದಾಜಿಗೆ ಸಿಗುತ್ತದೆ. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನ ಇಳಿತ ಇದಕ್ಕೆ ಒಳ್ಳೆಯದು.

ಅಘನಾಶಿನಿಯ ಕಾಂಡ್ಲಾ ಕೊರಕಲುಗಳಲ್ಲಿ, ಗಜನಿಯ (ಉಪ್ಪುನೀರಿನ ಗದ್ದೆಯ) ಜಂತ್ರಡಿ ಬಾಗಿಲ (ನೀರು ಬಿಡುವ ತೂಬಿನ) ಎದುರು ಎಸೆಯುವುದು ಹತ್ತು–ಹದಿನೈದು ಮೀಟರ್ ಮಾತ್ರ. ಅಲ್ಲಿ ದೂರದ ಚಿಂತೆ ಬಿಟ್ಟು ಪಿಇ 3ರಿಂದ 4, ಲೀಡರ್ 50–60 ಪೌಂಡ್ ಹಾಕಿ, ಡ್ರ್ಯಾಗ್ ಬಿಗಿ ಮಾಡಿ. ಮೊದಲ ಎರಡು ಮೀಟರ್ ಓಟದಲ್ಲಿ ಮೀನನ್ನು ತಡೆಯದಿದ್ದರೆ ಅದು ಬೇರಿನೊಳಗೆ, ಆಮೇಲೆ ಯಾವ ಲೈನೂ ಉಳಿಯುವುದಿಲ್ಲ. ಮೇಲೆ ಹೇಳಿದ ಕಾಲು ಭಾಗದ ಲೆಕ್ಕವನ್ನು ಮುರಿಯಬೇಕಾದ ಒಂದೇ ಜಾಗ ಇದು.

ಮಳೆಗಾಲದ ಕೆನ್ನೀರಿನಲ್ಲಿ ಫ್ಲೋರೋಕಾರ್ಬನ್ ಕಾಣುವುದಿಲ್ಲ ಎನ್ನುವ ಮಾತಿಗೆ ದುಡ್ಡು ಕೊಡಬೇಡಿ, ಆ ನೀರಿನಲ್ಲಿ ಯಾವ ಲೈನೂ ಕಾಣುವುದಿಲ್ಲ. ಆಗ ದಪ್ಪ ನೈಲಾನ್ ಲೀಡರ್ ಧಾರಾಳವಾಗಿ ಸಾಕು. ಫ್ಲೋರೋಕಾರ್ಬನ್ ಕೆಲಸಕ್ಕೆ ಬರುವುದು ಮಳೆ ನಿಂತು ನೀರು ತಿಳಿಯಾದ ಮೇಲೆ. ಅದು ನೀರು ಹೀರುವುದಿಲ್ಲ, ನೈಲಾನ್ ಹೀರಿ ಒದ್ದೆಯಾದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ.

ಶಿರಸಿ ಕಡೆಯ ಕೆರೆಗಳಲ್ಲಿ ಕಳೆಯ ಮೇಲೆ ರಬ್ಬರ್ ಕಪ್ಪೆ ಎಳೆದು ಮುರಲ್ ಮೀನು ಹಿಡಿಯುವವರಿಗೆ ಲೀಡರೇ ಬೇಡ. ಪಿಇ 4 ಬ್ರೇಡನ್ನು ನೇರವಾಗಿ ಪಾಲೊಮಾರ್ ಗಂಟಿನಿಂದ ಕಟ್ಟಿ. ಬ್ರೇಡ್ ಜೊಂಡನ್ನು ಕೊಯ್ದುಕೊಂಡು ಬರುತ್ತದೆ, ಲೀಡರ್ ಗಂಟಿದ್ದರೆ ಹುಲ್ಲೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಲೂರ್ ಸರಿಯಾಗಿ ಆಡುತ್ತಿಲ್ಲವೇ

ಇದೂ ಎಷ್ಟೋ ಸಲ ಲೈನಿನದೇ ದೋಷ. ನೀರಿನ ಸಾಂದ್ರತೆ 1 ಎಂದರೆ ಬ್ರೇಡ್ 0.97, ನೈಲಾನ್ 1.14, ಫ್ಲೋರೋಕಾರ್ಬನ್ 1.78. ನೀರ ಮೇಲಾಡುವ ಪಾಪರ್ ಮೂಗು ಕೆಳಗೆ ಮಾಡಿ ಮುಳುಗುತ್ತಿದ್ದರೆ ಉದ್ದದ ಫ್ಲೋರೋಕಾರ್ಬನ್ ಲೀಡರ್ ಅದನ್ನು ಎಳೆಯುತ್ತಿದೆ, ನೈಲಾನಿಗೆ ಬದಲಿಸಿ ಎರಡು ಅಡಿಗೆ ಇಳಿಸಿ. ಎರಡು ಮೀಟರ್ ಆಳಕ್ಕೆ ಹೋಗಬೇಕಾದ ಮಿನ್ನೋ ಲೂರ್ ಒಂದೂವರೆಗೇ ನಿಂತರೆ ಮೇನ್ ಲೈನ್ ದಪ್ಪವಾಗಿ ನೀರಿನ ತಡೆ ಹೆಚ್ಚಾಗಿದೆ. ಸಣ್ಣ ಲೂರ್ ಕಟ್ಟಿಹಾಕಿದ ಕರುವಿನಂತೆ ಆಡದೆ ನೆಟ್ಟಗೆ ಬಂದರೆ 50 ಪೌಂಡಿನ ಲೀಡರನ್ನು ಮೂಗಿಗೆ ಬಿಗಿದು ಕಟ್ಟಿದ್ದೀರಿ. ಲೀಡರ್ ಸಪುರ ಮಾಡುವ ಬದಲು ಕುಣಿಕೆ ಬಿಟ್ಟ ಗಂಟು ಅಥವಾ ಗಟ್ಟಿಯಾದ ಸ್ನ್ಯಾಪ್ ಹಾಕಿ.

ಕಲ್ಲಿಗೆ ಸಿಕ್ಕಿದ್ದನ್ನು ಬಿಡಿಸುವಾಗ ಎಲ್ಲಿ ತುಂಡಾಗಬೇಕು

ಲೂರಿನ ಗಂಟಿನಲ್ಲಿ. ಸರಿಯಾಗಿ ಕಟ್ಟಿದ ಸೆಟ್ಟಿನ ಪರೀಕ್ಷೆಯೇ ಇದು. ಲೀಡರ್ ಸೇರುವ ಗಂಟಿನಲ್ಲಿ ಮತ್ತೆ ಮತ್ತೆ ತುಂಡಾದರೆ ಆ ಗಂಟು ಬಡಕಲು. ಮೇನ್ ಲೈನ್ ನಡುವೆ ತುಂಡಾಗಿ ಐವತ್ತು ಮೀಟರ್ ಹೋದರೆ ಗೈಡ್ ಅಥವಾ ಸ್ಪೂಲಿನಲ್ಲಿ ಗಾಯ ಆಗಿದೆ. ಎಳೆಯುವಾಗ ರಾಡನ್ನು ಬಾಗಿಸದೆ ನೇರ ಸಿಕ್ಕಿದ ಕಡೆ ಚಾಚಿ. ಬ್ರೇಡನ್ನು ಬರಿಗೈಗೆ ಸುತ್ತಿಕೊಂಡರೆ ಬೆರಳಿನ ಮೂಳೆಯವರೆಗೆ ಇಳಿಯುತ್ತದೆ, ಒಂದು ಗೇಣುದ್ದದ ಕೋಲಿಗೆ ನಾಲ್ಕು ಸುತ್ತು ಸುತ್ತಿ ಎಳೆಯಿರಿ. ಲೂರ್ ಗುಂಡಿನಂತೆ ವಾಪಸು ಬರಬಹುದು, ಮುಖವನ್ನು ಆಚೆ ತಿರುಗಿಸಿರಿ.

ತುಂಡು ಲೈನ್ ಕಿಸೆಗೆ. ಹೊನ್ನಾವರದ ಕಾಸರಕೋಡ ದಂಡೆಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಮೀನಿಗೆರಗುವ ಗರುಡಗಳಿಗೂ ಅದು ಬಿಡಿಸಲಾಗದ ಉರುಳು.

ಉಪ್ಪು, ಬಿಸಿಲು, ಬದಲಿಸುವ ಹೊತ್ತು

ಬ್ರೇಡಿನ ಎಳೆಗಳ ನಡುವೆ ಉಪ್ಪಿನ ಹರಳು ಕೂತರೆ ಗೈಡನ್ನೂ ತನ್ನನ್ನೂ ಅದೇ ಅರೆಯುತ್ತದೆ. ಎಸೆಯುವಾಗ ಕರಕರ ಸದ್ದು ಬಂದರೆ ಉಪ್ಪು ಎಂದೇ ತಿಳಿಯಿರಿ. ನಲ್ಲಿ ನೀರನ್ನು ಜೋರಾಗಿ ಬಿಡಬೇಡಿ, ಉಪ್ಪು ಬೇರಿಂಗಿನೊಳಗೆ ಹೋಗುತ್ತದೆ. ಸ್ಪೂಲ್ ಬಿಚ್ಚಿ ಸಿಹಿನೀರಿನ ಬಟ್ಟಲಲ್ಲಿ ಹತ್ತು ನಿಮಿಷ ಇಟ್ಟು ನೆರಳಿನಲ್ಲಿ ಒಣಗಿಸಿ, ಆದರೆ ಬೇರಿಂಗ್ ಸ್ಪೂಲಿಗೇ ಅಂಟಿಕೊಂಡಿರುವ ರೀಲಾದರೆ ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೈಲಾನ್ ಬಿಸಿಲಿಗೆ ಸೊರಗುತ್ತದೆ. ಬೈಕಿಗೆ ಕಟ್ಟಿ ಬಿಸಿಲಲ್ಲಿ ಬಿಟ್ಟ ರೀಲಿನ ಮೇಲಿನ ಸುತ್ತುಗಳು ಮೊದಲು ಹೋಗುತ್ತವೆ. ಒಂದು ಹಂಗಾಮಿಗಿಂತ ಹೆಚ್ಚು ನಂಬಬಾರದು. ಬ್ರೇಡ್ ಎರಡು ವರ್ಷವೂ ಬಾಳುತ್ತದೆ, ಸವೆಯುವುದು ಎಸೆತಕ್ಕೆ ಹೊರಬರುವ ಮೊದಲ ಐವತ್ತು–ಅರವತ್ತು ಮೀಟರ್ ಮಾತ್ರ. ಅದು ರೋಮ ಎದ್ದಾಗ ಇಡೀ ಲೈನನ್ನು ಒಂದು ಖಾಲಿ ಸ್ಪೂಲಿಗೆ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ವಾಪಸು ರೀಲಿಗೆ ಸುತ್ತಿ. ಖಾಲಿ ಸ್ಪೂಲ್ ಎರಡಿರಬೇಕು. ಒಂದೇ ಇದ್ದರೆ ಹಳೆಯ ತುದಿಯೇ ಮತ್ತೆ ಮೇಲೆ ಬಂದು ಕೂರುತ್ತದೆ.